‘ಘಟಶ್ರಾದ್ಧ’ದ ಪ್ರೇಕ್ಷಕರು: ನಿಷೇಧ, ವಿಮರ್ಶೆ ಮತ್ತು ಜಗಲಿಯ ಮಾತು

ಚಲನಚಿತ್ರವು ಜಾನಪದ ಅಧ್ಯಯನದ ವ್ಯಾಪ್ತಿಗೆ ಬರುವುದೇ ಎಂಬ ಪ್ರಶ್ನೆಯನ್ನು ಇಂತಹ ಲೇಖನವು ಆರಂಭದಲ್ಲಿಯೇ ಎದುರಿಸಬೇಕಾಗುತ್ತದೆ. ಚಲನಚಿತ್ರವು ಜಾನಪದವಲ್ಲವೆಂಬುದು ನಿಜ. ಆದರೆ ಚಿತ್ರವನ್ನು ನೋಡಿ ಬಂದ ಜನ ಅದರ ಬಗ್ಗೆ ಮನೆಯ ಜಗಲಿಯಲ್ಲಿ ಕುಳಿತು ಆಡುವ ಮಾತು ಮೌಖಿಕ ಪರಂಪರೆಗೆ ಸೇರಿದ್ದು. ಜನರನ್ನು ಕೆಣಕುವ ಚಿತ್ರವೊಂದು ತೆರೆಗೆ ಬಂದಾಗ ಸರ್ಕಾರ ಏನು ಮಾಡಿತು, ವಿಮರ್ಶಕರು ಏನು ಬರೆದರು ಎಂಬುದು ಗ್ರಂಥಾಲಯಗಳಲ್ಲಿ ಸಿಗುತ್ತದೆ. ಸಾಮಾನ್ಯ ಪ್ರೇಕ್ಷಕರು ಏನೆಂದರು ಎಂಬುದು ಸಿಗುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮುಖ್ಯವಾಗಿ ಇಟ್ಟುಕೊಂಡು, ಶಿರಸಿ ತಾಲೂಕಿನ ಹುಲಗೋಳದ ಆಸುಪಾಸಿನ ಅನುಭವದಿಂದ ಈ ಮೂರನೆಯ ಪ್ರತಿಕ್ರಿಯೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಸ್ಥೆಗಳ ಪ್ರತಿಕ್ರಿಯೆ

ಧರ್ಮದ ಕಟ್ಟಳೆಯೊಳಗೆ ಸಿಲುಕಿದ ಹೆಣ್ಣಿನ ಕಥೆ ಎಲ್ಲಿ ಚಿತ್ರವಾದರೂ ಅಧಿಕಾರಸ್ಥರು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ವರ್ತಿಸಿದ್ದಾರೆ. ಫ್ರಾನ್ಸಿನ ಜಾಕ್ ರಿವೆಟ್ ಅವರು ಹದಿನೆಂಟನೆಯ ಶತಮಾನದ ಲೇಖಕ ದಿದೆರೋನ ಕಾದಂಬರಿಯನ್ನು ಆಧರಿಸಿ ‘ಲಾ ರೆಲಿಜ್ಯೂಸ್’, ಎಂದರೆ ‘ಸನ್ಯಾಸಿನಿ’ ಎಂಬ ಚಿತ್ರವನ್ನು ಮಾಡಿದರು. ಇಚ್ಛೆಗೆ ವಿರುದ್ಧವಾಗಿ ಕ್ರೈಸ್ತ ಮಠಕ್ಕೆ ಸೇರಿಸಲ್ಪಟ್ಟ ತರುಣಿಯೊಬ್ಬಳ ಕಥೆ ಅದು. ಚಿತ್ರ ಪೂರ್ಣವಾಗುವ ಮೊದಲೇ ಸನ್ಯಾಸಿನಿಯರ ಸಂಘಟನೆಗಳು ಪ್ರತಿಭಟಿಸಿದವು. ಸೆನ್ಸಾರ್ ಸಮಿತಿಯು ಒಪ್ಪಿಗೆ ನೀಡಿದ್ದರೂ 1966ರಲ್ಲಿ ಸರ್ಕಾರ ಚಿತ್ರವನ್ನು ನಿಷೇಧಿಸಿತು. ನಿರ್ದೇಶಕ ಗೊದಾರ್ ಅವರು ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರಿಗೆ ಕಟುವಾದ ಬಹಿರಂಗ ಪತ್ರ ಬರೆದರು. ಅದೇ ವರ್ಷ ಕಾನ್ ಉತ್ಸವದಲ್ಲಿ ತೋರಿಸಲಾದ ಚಿತ್ರವು 1967ರಲ್ಲಿ ಬಿಡುಗಡೆಯಾದಾಗ, ವಿವಾದದ ಕಾರಣದಿಂದಲೇ ಜನ ಹೆಚ್ಚಾಗಿ ಬಂದರು.

ಇದಾದ ಕೆಲವೇ ವರ್ಷಗಳಲ್ಲಿ ಕನ್ನಡದಲ್ಲಿಯೂ ಇಂತಹುದೇ ಪ್ರಸಂಗ ನಡೆಯಿತು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ಕ್ಕೆ (1970) ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ಪ್ರಮಾಣಪತ್ರ ನಿರಾಕರಿಸಿತು. ಜಾತಿಯ ನೆಲೆಯಲ್ಲಿ ಉದ್ವೇಗ ಹುಟ್ಟೀತೆಂಬುದು ಆಗಿನ ಆತಂಕ. ಅನಂತರ ತಡೆ ತೆರವಾಯಿತು. ಆ ವರ್ಷದ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆಯೂ ಅದಕ್ಕೆ ದೊರೆಯಿತು. ‘ಸಂಸ್ಕಾರ’ದಿಂದ ‘ಘಟಶ್ರಾದ್ಧ’ದವರೆಗಿನ ಹಾದಿಯಲ್ಲಿ ಹೊಸ ಅಲೆಯ ಚಿತ್ರವೆಂಬುದು ಕನ್ನಡದಲ್ಲಿ ನೆಲೆಯೂರಿತು.

ವಿಮರ್ಶೆಯ ಪ್ರತಿಕ್ರಿಯೆ

‘ಘಟಶ್ರಾದ್ಧ’ವೂ ಅನಂತಮೂರ್ತಿಯವರ ಕಥೆಯನ್ನೇ ಆಧರಿಸಿದ್ದು. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನೆ ಶಾಲಾ ಮೇಷ್ಟ್ರಿಂದ ಗರ್ಭಿಣಿಯಾಗುತ್ತಾಳೆ. ಪಾಠಶಾಲೆಯ ಎಳೆಯ ಹುಡುಗ ನಾಣಿ ಇದಕ್ಕೆಲ್ಲ ಸಾಕ್ಷಿ. ಕೊನೆಗೆ ತಂದೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಜಾತಿಯಿಂದ ಹೊರಗಾದವರ ಹೆಸರಿನಲ್ಲಿ ಮಡಕೆಯನ್ನು ಒಡೆದು, ಅವರನ್ನು ಸತ್ತವರೊಂದಿಗೆ ಸೇರಿಸುವ ಈ ವಿಧಿಯನ್ನು ಧರ್ಮಶಾಸ್ತ್ರಗಳು ಘಟಸ್ಫೋಟವೆಂದು ಕರೆಯುತ್ತವೆ.

ಚಿತ್ರಕ್ಕೆ ಸ್ವರ್ಣಕಮಲ ಬಂದಿತು. ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೂ ನಾಣಿಯ ಪಾತ್ರಕ್ಕಾಗಿ ಅಜಿತ್ ಕುಮಾರರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಇದೇ ಕಥೆ 1991ರಲ್ಲಿ ಹಿಂದಿಯಲ್ಲಿ ‘ದೀಕ್ಷಾ’ ಎಂಬ ಚಿತ್ರವಾಯಿತು. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ದ ಪ್ರತಿಯು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ವಿಮರ್ಶೆಯು ಈ ಚಿತ್ರವನ್ನು ಎರಡು ಬಗೆಯಲ್ಲಿ ನೋಡಿದೆ. ದೃಶ್ಯಭಾಷೆಯ ಸಂಯಮವನ್ನು ಮೆಚ್ಚುವುದು ಒಂದು. ಬ್ರಾಹ್ಮಣ ಸಮಾಜದ ಅವನತಿಯನ್ನೇ ಈ ಚಿತ್ರಗಳು ಮತ್ತೆ ಮತ್ತೆ ತೋರಿಸುತ್ತವೆಯೆಂದು ಆಕ್ಷೇಪಿಸುವುದು ಇನ್ನೊಂದು. ಇವೆರಡರ ಪ್ರಶ್ನೆಯೂ ನಿರ್ದೇಶಕನಿಗೆ ಕೇಳಿದ ಪ್ರಶ್ನೆ. ಜೊತೆಗೆ ‘ಪ್ರಶಸ್ತಿ ಚಿತ್ರ’ ಎಂಬ ಮಾತು ಬಳಕೆಗೆ ಬಂದು, ಇಂತಹ ಚಿತ್ರಗಳಿಗೆ ಹಳ್ಳಿಯ ಪ್ರೇಕ್ಷಕರೇ ಇಲ್ಲವೆಂಬ ಭಾವನೆ ಬೇರೂರಿತು.

ಜಗಲಿಯ ಮಾತು

ಈ ಭಾವನೆಯನ್ನು ಒಪ್ಪಿಕೊಳ್ಳುವುದು ಕಷ್ಟ. ಸಿದ್ದಾಪುರಕ್ಕೆ ತಗುಲಿದ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿಯೇ ಚಿತ್ರಸಮಾಜವನ್ನು ಆರಂಭಿಸಿ ಜಗತ್ತಿನ ಹೆಸರಾಂತ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿತ್ತು. ಮುಂದೆ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ಪ್ರಸಾರ ಮಾಡತೊಡಗಿದಾಗ ಪ್ರಶಸ್ತಿ ಪಡೆದ ಚಿತ್ರಗಳು ಮನೆಯೊಳಕ್ಕೇ ಬಂದವು. ಟಿಕೆಟ್ಟಿನ ಲೆಕ್ಕದಲ್ಲಿ ಕಾಣಿಸದ ಪ್ರೇಕ್ಷಕರು ಇವರು.

ಇವರು ಚಿತ್ರವನ್ನು ಹೇಗೆ ಅರ್ಥಮಾಡಿಕೊಂಡರೆಂಬುದನ್ನು ತಿಳಿಯಲು ಈ ಸೀಮೆಯ ತಾಳಮದ್ದಳೆಯನ್ನು ಗಮನಿಸಬೇಕು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದದ ಹಿಂದೆ ಅರ್ಥಧಾರಿಯು ತನ್ನ ಪಾತ್ರದ ಪರವಾಗಿ ಆಗಲೇ ಹುಟ್ಟಿಸಿದ ಮಾತಿನಿಂದ ವಾದಿಸುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಪ್ರಶ್ನಿಸುತ್ತಾನೆ. ‘ಭೀಷ್ಮವಿಜಯ’ದಲ್ಲಿ ಅಂಬೆಯು ತನ್ನನ್ನು ಗೆದ್ದು ತಂದ ಭೀಷ್ಮನನ್ನೂ ತಿರಸ್ಕರಿಸಿದ ಸಾಲ್ವನನ್ನೂ ನಿಲ್ಲಿಸಿ ಕೇಳುತ್ತಾಳೆ. ಮರುದಿನ ತೋಟದಲ್ಲಿ, ಜಗಲಿಯಲ್ಲಿ ಅದೇ ವಾದ ಮುಂದುವರಿಯುತ್ತದೆ. ಪ್ರಸಂಗ ಬರೆದ ಕವಿ ಮಾಡಿದ್ದು ಸರಿಯೇ ಎಂದು ಯಾರೂ ಕೇಳುವುದಿಲ್ಲ. ಭೀಷ್ಮ ಮಾಡಿದ್ದು ಸರಿಯೇ ಎಂದು ಕೇಳುತ್ತಾರೆ.

‘ಘಟಶ್ರಾದ್ಧ’ದ ಪ್ರೇಕ್ಷಕರಲ್ಲಿಯೂ ಇದೇ ರೂಢಿ ಕೆಲಸ ಮಾಡಿತೆಂಬುದು ನನ್ನ ತಿಳಿವಳಿಕೆ. ಚಿತ್ರವು ನಾಣಿಯ ಕಣ್ಣಿನಿಂದ ಸಾಗುವುದರಿಂದ ಯಮುನೆ ತನ್ನ ಪರವಾಗಿ ವಾದ ಹೂಡುವುದಿಲ್ಲ. ಅಂಬೆಗೆ ಅರ್ಥಧಾರಿ ಇದ್ದಾನೆ, ಯಮುನೆಗೆ ಇಲ್ಲ. ಆ ಅರ್ಥವನ್ನು ನೋಡಿದವರೇ ಹೇಳಬೇಕಾಯಿತು. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹುಲಗೋಳದ ಕಡೆಯ ವೃದ್ಧೆಯೊಬ್ಬರು ಟಿ.ವಿ.ಯಲ್ಲಿ ನೋಡಿದ ಈ ಚಿತ್ರವನ್ನು ನೆನೆದು ಕೇಳಿದ್ದು ಒಂದೇ ಪ್ರಶ್ನೆ: ಅವಳ ಹೆಸರಲ್ಲಿ ಮಡಕೆ ಒಡೆದರು, ಆ ಮೇಷ್ಟ್ರ ಹೆಸರಲ್ಲಿ ಒಡೆದವರು ಯಾರು? ಚಿತ್ರದ ಹೆಸರನ್ನಾಗಲಿ ನಿರ್ದೇಶಕರ ಹೆಸರನ್ನಾಗಲಿ ಅವರು ನೆನಪಿಟ್ಟಿರಲಿಲ್ಲ. ಚಿತ್ರದ ಕೊನೆಯಲ್ಲಿ ಮಗಳನ್ನು ಹೊರಹಾಕಿದ ಉಡುಪರು ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುವುದನ್ನು ಮಾತ್ರ ಮರೆತಿರಲಿಲ್ಲ.

ಈ ಮಾತಿನ ಹಿಂದೆ ಕಂಡುಂಡ ಬದುಕು ಇದೆ. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶಮುಂಡನಕ್ಕೆ ಒಳಗಾಗಿ, ಮಡಿಯಲ್ಲಿ ಬದುಕು ಕಳೆದವರು ಮಲೆನಾಡಿನ ಮನೆಗಳಲ್ಲಿ ಇದ್ದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಅಂತಹ ನಿಜಜೀವನವೊಂದನ್ನು ಆಧರಿಸಿದ ಕಾದಂಬರಿ. ಪ್ರೇಮಾ ಕಾರಂತರು ಅದನ್ನು ಚಿತ್ರವಾಗಿಸಿದರು. ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನೆಯ ಕೊನೆಯ ಚಿತ್ರಿಕೆ ನಗರದ ವಿಮರ್ಶಕನಿಗೆ ಪ್ರತಿಮೆಯಾದರೆ, ಇಲ್ಲಿಯ ಹಿರಿಯ ಹೆಂಗಸರಿಗೆ ಅದು ಮನೆಯ ಹಿತ್ತಲಕಡೆಯ ಕೋಣೆಯ ನೆನಪು.

ಒಂದು ಎಚ್ಚರಿಕೆ

ಹಾಗೆಂದು ಈ ಪ್ರತಿಕ್ರಿಯೆಯನ್ನು ಸುಧಾರಣೆಯೆಂದು ಭ್ರಮಿಸಬಾರದು. ಬೆಳಗಿನವರೆಗೆ ವಾಲಿಯ ಪರ ವಾದ ನಡೆದರೂ ಬೆಳಗಾದ ಮೇಲೆ ರಾಮ ರಾಮನಾಗಿಯೇ ಉಳಿಯುತ್ತಾನೆ. ಯಮುನೆಗಾಗಿ ಮರುಗಿದವರು ತಮ್ಮ ಮನೆಯ ಕಟ್ಟಳೆಯನ್ನು ಸಡಿಲಿಸಿದರೆಂದು ಹೇಳಲಾಗದು. ಪ್ಯಾರಿಸ್ಸಿನಲ್ಲಿ ಮತ್ತು ಮದರಾಸಿನಲ್ಲಿ ಅಧಿಕಾರವು ಕೆಣಕುವ ಚಿತ್ರವನ್ನು ತಡೆಯಲು ಹೊರಟಿತು. ಜಗಲಿಯು ಅದನ್ನು ತಡೆಯಲಿಲ್ಲ, ವಾದಕ್ಕೆ ಎಳೆದುಕೊಂಡಿತು. ವಾದದಲ್ಲಿ ಕೆಣಕು ಕರಗಿಹೋಗುವ ಅಪಾಯವೂ ಇದೆ, ಮುಂದಿನ ತಲೆಮಾರಿನ ಮನಸ್ಸಿನಲ್ಲಿ ಉಳಿಯುವ ಸಾಧ್ಯತೆಯೂ ಇದೆ.

ಆದುದರಿಂದ ಹೊಸ ಅಲೆಯ ಕನ್ನಡ ಚಿತ್ರಗಳ ಇತಿಹಾಸವನ್ನು ಬರೆಯುವವರು ಸೆನ್ಸಾರ್ ಆದೇಶ ಮತ್ತು ವಿಮರ್ಶಾ ಲೇಖನಗಳ ಜೊತೆಗೆ ಮೌಖಿಕ ಆಕರವನ್ನೂ ಸಂಗ್ರಹಿಸಬೇಕಾಗಿದೆ. ಈ ಚಿತ್ರಗಳನ್ನು ಹೊಸದಾಗಿ ಕಂಡ ತಲೆಮಾರಿನ ಹಲವರು ಈಗಾಗಲೇ ಇಲ್ಲ. ಚಿತ್ರದ ಪ್ರತಿಯನ್ನು ಪ್ರಯೋಗಾಲಯದಲ್ಲಿ ಉಜ್ಜೀವಿಸಬಹುದು. ಅದನ್ನು ನೋಡಿ ಯಮುನೆಯ ಪರವಾಗಿ ಅರ್ಥ ಹೇಳಿದವರ ಮಾತನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕು.