ವಾಯುಮಂಡಲದ ‘ಸ್ಥಿರತೆ’: ಒಂದು ಪಾರಿಭಾಷಿಕ ವಿವೇಚನೆ

ಮೇಲೇರುವ ಗಾಳಿ ಎತ್ತರದ ತಂಪು ತಾಗಿ ತಣಿಯುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾದುದು. ಇದು ಸಮರ್ಪಕವಲ್ಲ. ಮೇಲೇರಿದಂತೆ ಸುತ್ತಲಿನ ಒತ್ತಡ ಕುಗ್ಗುವುದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗಲು ತನ್ನ ಆಂತರಿಕ ಶಕ್ತಿಯನ್ನೇ ವ್ಯಯಿಸಿ ತಣಿಯುತ್ತದೆ. ಒಣಗಾಳಿಯಲ್ಲಿ ಈ ಇಳಿಕೆ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್. ಪಶ್ಚಿಮಘಟ್ಟವನ್ನೇರುವ ಮುಂಗಾರಿನ ಗಾಳಿಯಲ್ಲಾದರೋ ಆವಿ ಹನಿಗೂಡಿ ಗುಪ್ತೋಷ್ಣವನ್ನು ಬಿಡುವುದರಿಂದ, ಮೋಡಗಟ್ಟಿದ ಬಳಿಕ ಇಳಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಹೀಗೆ ಏರಿದ ಗಾಳಿ ತನ್ನ ಸುತ್ತಲಿನ ಗಾಳಿಗಿಂತ ತಂಪಾಗಿದ್ದರೆ ಭಾರವಾಗಿ ಕೆಳಗಿಳಿಯುತ್ತದೆ; ಆಗ ವಾಯುಮಂಡಲ ಸ್ಥಿರ. ಬೆಚ್ಚಗಿದ್ದರೆ ಇನ್ನೂ ಮೇಲೇರುತ್ತದೆ, ಆಗ ಅಸ್ಥಿರ. ಆದ್ದರಿಂದ ಇಲ್ಲಿ ‘ಸ್ಥಿರ’ವೆಂದರೆ ನಿಶ್ಚಲವೆಂದಲ್ಲ, ಕದಲಿಸಿದರೂ ಸ್ವಸ್ಥಾನಕ್ಕೆ ಮರಳುವುದು ಎಂದರ್ಥ. ಸ್ಥಿರ ವಾಯುಮಂಡಲದಲ್ಲೂ ಗಾಳಿ ಜೋರಾಗಿ ಬೀಸಬಹುದು. ರೂಢಿಯ ಅರ್ಥವನ್ನು ಪರಿಭಾಷೆಯ ಮೇಲೆ ಆರೋಪಿಸಿದಲ್ಲಿ ಪರಿಕಲ್ಪನೆಯೇ ಮರೆಯಾಗುತ್ತದೆಂಬುದನ್ನು ಕನ್ನಡದ ವಿಜ್ಞಾನ ಬರವಣಿಗೆ ಗಮನಿಸಬೇಕಾಗಿದೆ.