ಓಡಿಸಿ ನೋಡಿದೆವು, ಲೆಕ್ಕವನ್ನೂ ನೋಡಿದೆವು

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಕಡೆ ಮೂರು ಮಾತುಗಳು ಏಳುತ್ತವೆಂದು ಹಿರಿಯರು ನಗೆಯಾಡುವುದುಂಟು: ಮನೆಗೆ ಹೊಸ ಮಾಡು, ಮಗಳಿಗೆ ಮದುವೆ, ಅಂಗಳಕ್ಕೆ ಹೊಸ ಗಾಡಿ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ದರ ಪೌಂಡಿಗೆ 4 ಡಾಲರು ದಾಟಿತು. ಅಲ್ಲಿಂದೀಚೆಗೆ ಈ ಮೂರನೆಯ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ.

ನಮ್ಮ ನೆರೆಯ ತೋಟದ ಮಿತ್ರರದು ಹನ್ನೆರಡು ಎಕರೆ ಕಾಫಿ, ಮೂರು ಎಕರೆ ಅಡಿಕೆ. ಮೊದಲ ಮಗಳ ಮದುವೆ ಕಂಪ್ಲಿಯ ಕಡೆ ಆಗಿದೆ. ಎರಡನೆಯ ಮಗಳು ಓದುತ್ತಿದ್ದಾಳೆ. ಕೊಯ್ಲು ಮುಗಿಸಿ ಬೀಗರ ಮನೆಗೆ ಹೊರಟವರು, "ಹೊಸಪೇಟೆಯಲ್ಲಿ ಒಂದು ದೊಡ್ಡ ಕಾರು ಓಡಿಸಿ ನೋಡೋಣ, ನೀವೂ ಬನ್ನಿ" ಎಂದರು. ಅವರ ಮನೆಯವರು ಮಾತ್ರ ಸುಮ್ಮನಿದ್ದರು. ಸುಮ್ಮನಿದ್ದರೆಂದರೆ ಒಪ್ಪಿದ್ದಾರೆಂದು ಅರ್ಥವಲ್ಲವೆಂಬುದು ಸಂಸಾರಸ್ಥರಿಗೆಲ್ಲ ತಿಳಿದದ್ದೇ.

ಗಾಡಿಯನ್ನು ಕೊಳ್ಳುವ ಮೊದಲು ಓಡಿಸಿ ನೋಡುವ ಭಾಗ್ಯ ನಮ್ಮ ತಂದೆಯವರ ಕಾಲಕ್ಕಿರಲಿಲ್ಲ. ಅಂಬಾಸಿಡರ್ ಅಥವಾ ಫಿಯಟ್ಟಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದೇ ಆಗಿನ ಕ್ರಮ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಸರದಿ ತಪ್ಪಲಿಲ್ಲ. ಈಗ ಷೋರೂಮಿನವರೇ ಕರೆದು, ಕಾಫಿ ಕೊಟ್ಟು, ಕೀಲಿ ಕೈಗಿಡುತ್ತಾರೆ. ಚಾಲನಾ ಪರವಾನಗಿಯೊಂದು ಜೇಬಿನಲ್ಲಿದ್ದರಾಯಿತು.

ಕೊಟ್ಟ ಗಾಡಿ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಬೆಲೆಯ ಅಂದಾಜಿಗೆ ಹೇಳುವುದಾದರೆ, ನಮ್ಮ ರಾಜ್ಯದ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿಯ ಹೊಸ ಮಾದರಿ 2024ರ ಡಿಸೆಂಬರಿನಲ್ಲಿ ಬಂದಾಗ ಅದರ ಷೋರೂಂ ಬೆಲೆ 48 ಲಕ್ಷ ರೂಪಾಯಿ. ನಮ್ಮ ಮಿತ್ರರ ಮನಸ್ಸೂ 50 ಲಕ್ಷದ ಆಸುಪಾಸಿನಲ್ಲೇ ಇತ್ತು.

ಷೋರೂಮಿನ ಹುಡುಗ ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರು ಓಡಿಸಿ ಸಾಕೆನ್ನಿಸಲು ನೋಡಿದ. ಚತುಷ್ಪಥದಲ್ಲಿ ಯಾವ ಗಾಡಿ ತಾನೇ ಚೆನ್ನಾಗಿ ಓಡುವುದಿಲ್ಲ? ನಾವು ಒತ್ತಾಯಿಸಿ ಅನಂತಶಯನಗುಡಿಯ ಮೇಲೆ ಹಂಪಿಯ ದಾರಿ ಹಿಡಿದೆವು. ಗಾಡಿಯ ಹಿರಿಮೆಯನ್ನು ಒಪ್ಪಲೇಬೇಕು. ಎಂಜಿನ್ನಿನ ಸದ್ದಿಲ್ಲ; ಹೊರಗಿನ ಬಿಸಿಲೂ ಲಾರಿಗಳ ಹಾರನ್ನೂ ಗಾಜಿನಾಚೆಗೇ ಉಳಿದವು. ಹಿಂದೆ ಕುಳಿತ ಅಕ್ಕನವರು ಬೆನ್ನುನೋವಿನವರು. ಅವರೂ "ಹಾಸಿಗೆಯಂತಿದೆ" ಎಂದರು. ಮಿತ್ರರ ಮುಖ ಅರಳಿತು.

ಅರಳಿದ ಮುಖ ಒಂದು ಉಬ್ಬಿನ ಮೇಲೆ ಬಾಡಿತು. ಐದು ಜನರ ಭಾರಕ್ಕೆ ತಗ್ಗಿದ್ದ ಗಾಡಿಯ ಹೊಟ್ಟೆ ಕರ್ರೆಂದು ನೆಲಕ್ಕೆ ತಾಗಿತು. "ನಿಧಾನಕ್ಕೆ ಅಡ್ಡಡ್ಡ ಹತ್ತಿಸಬೇಕು ಸಾರ್" ಎಂದ ಹುಡುಗ. ನಮಗೆ ನೆನಪಾದದ್ದು ಮಿತ್ರರ ತೋಟದ ಗೇಟಿನಿಂದ ಮನೆಯವರೆಗಿನ ಮುಕ್ಕಾಲು ಮೈಲಿ ದಾರಿ: ಜುಲೈ ತಿಂಗಳ ಕೆಸರು, ನಡುವೆ ಎದ್ದ ದಿಬ್ಬ, ಮೋರಿಯ ಕಲ್ಲು.

ಆದ್ದರಿಂದ ಓಡಿಸಿ ನೋಡಲು ಹೋಗುವ ಸದಸ್ಯರಲ್ಲಿ ನಮ್ಮ ಅರಿಕೆ ಇಷ್ಟು. ಒಬ್ಬರೇ ಹೋಗಬೇಡಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಿ. ನಡುಮಧ್ಯಾಹ್ನ ಹೋದರೆ ತಂಪು ಯಂತ್ರದ ಶಕ್ತಿ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ನೀವೂ ಒಮ್ಮೆ ಕುಳಿತು, ವಯಸ್ಸಾದವರು ಹತ್ತಿ ಇಳಿಯುವುದನ್ನು ನೋಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ನಿಮ್ಮ ಮನೆಯಿಂದ ಸರ್ವಿಸ್ ಕೇಂದ್ರಕ್ಕೆ ಎಷ್ಟು ಮೈಲಿಯೆಂದು ಕೇಳಿ. ಕೊಂಡ ಗಾಡಿ ಕೈಗೆ ಬರುವ ದಿನ ಟೈರಿನ ಪಕ್ಕದ ನಾಲ್ಕಂಕಿಯನ್ನು ಓದಿ: ಮೊದಲೆರಡು ಅಂಕಿ ಟೈರು ತಯಾರಾದ ವಾರ, ಕೊನೆಯೆರಡು ವರ್ಷ. 0825 ಎಂದಿದ್ದರೆ 2025ರ ಎಂಟನೆಯ ವಾರದ್ದು.

ಇನ್ನು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 40 ಆಗಿ, ಹಿಂದಿನ ಪರಿಹಾರ ಸೆಸ್ಸು ಹೋಯಿತು. ಸಣ್ಣ ಕಾರುಗಳದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇದು ಷೋರೂಂ ಬೆಲೆಯೊಳಗೇ ಸೇರಿರುತ್ತದೆ. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲು, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಸೆಸ್ಸು ಬೇರೆ. 50 ಲಕ್ಷಕ್ಕೆ ಇದೊಂದೇ 9 ಲಕ್ಷ ದಾಟುತ್ತದೆ. 10 ಲಕ್ಷ ಮೀರಿದ ವಾಹನಕ್ಕೆ ಶೇಕಡಾ 1ರಷ್ಟು ಆದಾಯ ತೆರಿಗೆಯನ್ನು ಮಾರುವವರೇ ಹಿಡಿದುಕೊಳ್ಳುತ್ತಾರೆ. 50 ಲಕ್ಷಕ್ಕೆ 50 ಸಾವಿರ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವೆಂದು ರಿಟರ್ನ್ ಸಲ್ಲಿಸದೆ ಕುಳಿತರೆ ಈ ಹಣ ಮರಳಿ ಬರುವುದಿಲ್ಲ. ರಿಟರ್ನ್ ಸಲ್ಲಿಸಿಯೇ ಕೇಳಬೇಕು.

ಬೆಲೆ ಇಳಿಯುವ ಬಗೆಯನ್ನೂ ನೋಡಿ. ವಿಮೆಯ ಲೆಕ್ಕದಲ್ಲಿ ಮೊದಲ ವರ್ಷ ತುಂಬುವುದರೊಳಗೆ ಶೇಕಡಾ 15, ಮೂರನೆಯ ವರ್ಷದಲ್ಲಿ 30, ಐದನೆಯ ವರ್ಷದಲ್ಲಿ 50 ಕಳೆಯುತ್ತಾರೆ. ಕಟ್ಟಿದ ರಸ್ತೆ ತೆರಿಗೆ ಆ ಮೌಲ್ಯದಲ್ಲಿ ಸೇರುವುದೇ ಇಲ್ಲ. ಕಾಫಿ ಗಿಡ ನೆಟ್ಟರೆ ಐದನೆಯ ವರ್ಷಕ್ಕೆ ಫಸಲು ಕೈಗೆ ಹತ್ತುತ್ತದೆ. ಗಾಡಿಯ ಬೆಲೆ ಅದೇ ಹೊತ್ತಿಗೆ ಅರ್ಧಕ್ಕೆ ಬಂದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಾಲದ ಕಂತು. 40 ಲಕ್ಷವನ್ನು ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 64 ಸಾವಿರ. ಬಡ್ಡಿಯೇ 14 ಲಕ್ಷ ಆಗುತ್ತದೆ. ಸಂಬಳದವರಿಗೆ ಹಣ ತಿಂಗಳಿಗೊಮ್ಮೆ ಬರುತ್ತದೆ, ಕಂತೂ ತಿಂಗಳಿಗೊಮ್ಮೆ ಹೋಗುತ್ತದೆ. ನಮಗೆ ಹಣ ಕೊಯ್ಲಿನ ಮೇಲೆ ಮಾತ್ರ. ಅಡಿಕೆಗೆ ಔಷಧಿ ಹೊಡೆಸಿ ಆಳುಗಳಿಗೆ ಬಟವಾಡೆ ಮಾಡುವ ಜೂನ್, ಜುಲೈನಲ್ಲೂ ಆ 64 ಸಾವಿರ ಹೋಗಲೇಬೇಕು.

ಸಂಜೆ ಕಂಪ್ಲಿಯಲ್ಲಿ ಬೀಗರ ಮನೆಯ ಜಗುಲಿಯ ಮೇಲೆ ಇದೇ ಮಾತು ಬಂತು. ಅವರು ಭತ್ತದ ಬೆಳೆಗಾರರು. "ನೋಡ್ರಿ ಬೀಗರೇ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋತು. ಇದ್ದದ್ದು 33 ಗೇಟು, ಹೋದದ್ದು ಒಂದೇ. ಮತ್ತೊಂದು ಕೂರಿಸೋತನಕ ಸುಮಾರು ಒಂದು ವಾರ ನಮಗ್ಯಾರಿಗೂ ನಿದ್ದೆ ಬರಲಿಲ್ಲ. ಗದ್ದೆ ನಮ್ಮದು, ನೀರು ನಮ್ಮ ಕೈಯಾಗಿಲ್ಲ" ಎಂದರು.

ಆಮೇಲೆ ಸಂಡೂರಿನ ಮಾತು ತೆಗೆದರು. ಚೀನಾ ದೇಶ ಅದಿರು ಕೊಳ್ಳತೊಡಗಿದ ಮೇಲೆ ಅಲ್ಲಿ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಿತ್ತು. ಗಣಿಯ ಧಣಿಗಳು ವಿದೇಶಿ ಕಾರು ತಂದರು. ಸಾಮಾನ್ಯರು ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ. ಮುಂದೆ ಷರತ್ತುಗಳೊಡನೆ ಗಣಿಗಳು ತೆರೆದರೂ, ಅಷ್ಟರೊಳಗೆ ಲಾರಿ ಕಳೆದುಕೊಂಡವರಿಗೆ ಅದರಿಂದ ಬಂದ ಲಾಭವೇನು?

ನಮ್ಮ ಕಾಫಿ, ಅಡಿಕೆ ಅದಿರಿನಂತಲ್ಲ, ನಿಜ. ಆದರೆ 2001-02ರಲ್ಲಿ ಕಾಫಿ ಬೆಲೆ ನೆಲಕಚ್ಚಿ ಕೊಯ್ಲಿನ ಕೂಲಿಯೂ ಹುಟ್ಟದ ದಿನಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. 2014ರಲ್ಲಿ ಕೆಂಪಡಿಕೆ ಮುಗಿಲಿಗೇರಿ ಆಮೇಲೆ ಇಳಿದದ್ದೂ ನೆನಪಿದೆ. ಈಗ ತೋಟಗಳಲ್ಲಿ ಎಲೆಚುಕ್ಕೆ ರೋಗವಿದೆ. ಬೆಲೆಯೆಂಬುದು ನಮ್ಮ ಕೈಯಲ್ಲಿಲ್ಲದ ಗೇಟು.

ಮರುದಿನ ಎಲ್ಲರೂ ಹಂಪಿಗೆ ಹೋದೆವು. ವಿಠ್ಠಲ ದೇವಾಲಯದ ಬಳಿಗೆ ಯಾರ ಕಾರನ್ನೂ ಬಿಡುವುದಿಲ್ಲ. ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಎಂತಹ ಕಾರಿನವರೂ ನಮ್ಮ ಪಕ್ಕದಲ್ಲೇ ಮೊಣಕಾಲು ಮಡಿಸಿ ಕುಳಿತಿದ್ದರು. ಕಲ್ಲಿನ ರಥದ ಮುಂದೆ ಮಿತ್ರರು ಜೇಬಿನಿಂದ 50 ರೂಪಾಯಿ ನೋಟು ತೆಗೆದು, ಅದರ ಹಿಂದಿನ ಚಿತ್ರದೊಡನೆ ರಥವನ್ನು ಹೋಲಿಸಿ ನೋಡಿದರು. ಆಗ ಅಕ್ಕನವರು ಎರಡು ದಿನಗಳಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟರು:

"ಗಾಡಿ ಚೆನ್ನಾಗಿದೆ, ಬೇಡವೆನ್ನುವುದಿಲ್ಲ. ಒಣಗಿಸುವ ಕಣ ಬಿರುಕು ಬಿಟ್ಟು ಮೂರು ವರ್ಷವಾಯಿತು. ಚಿಕ್ಕವಳ ಓದು ಇನ್ನೂ ಎರಡು ವರ್ಷವಿದೆ. ಇವೆರಡು ಮುಗಿದ ಮೇಲೆ, ಸಾಲವಿಲ್ಲದೆ ಆಗುವುದಾದರೆ ತನ್ನಿ. ಹಿಂದಿನ ಸೀಟಿನಲ್ಲಿ ನಾನೇ ಮೊದಲು ಕೂರುತ್ತೇನೆ."

ಮಿತ್ರರು ನೋಟನ್ನು ಮಡಿಸಿ ಜೇಬಿಗಿಟ್ಟರು. ಊರಿಗೆ ಬಂದ ವಾರದಲ್ಲೇ ಕಣದ ಕೆಲಸಕ್ಕೆ ಮರಳು ಬಂದು ಬಿದ್ದಿತು. ಷೋರೂಮಿನ ಹುಡುಗ ಈಗಲೂ ಫೋನು ಮಾಡುತ್ತಾನಂತೆ. "ಎರಡು ಕೊಯ್ಲು ಕಳೆಯಲಪ್ಪ" ಎಂದು ಅವರು ಸಮಾಧಾನದಿಂದ ಹೇಳುತ್ತಾರೆ.

ದೊಡ್ಡ ಗಾಡಿ ಕೊಂಡ, ಅಥವಾ ಕೊಳ್ಳದೆ ಹಿಂತಿರುಗಿದ ಸದಸ್ಯರು ತಮ್ಮ ಅನುಭವ ಬರೆದು ಕಳುಹಿಸಿದರೆ ಉಳಿದವರಿಗೂ ದಾರಿಯಾದೀತು.