ಮೋಟಾರು ಗಾಡಿಯೂ ಅದರ ಒಡೆಯನೂ

೧೮೮೮ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದ ಬರ್ಥಾ ಬೆಂಜ್ ಎಂಬ ಗೃಹಿಣಿಯು ತನ್ನ ಇಬ್ಬರು ಗಂಡುಮಕ್ಕಳೊಡನೆ ಮೂರು ಗಾಲಿಯ ಮೋಟಾರು ಗಾಡಿಯೊಂದನ್ನು ಹತ್ತಿ, ಸುಮಾರು ೧೦೦ ಕಿಲೋಮೀಟರು ದೂರದ ಫೋರ್ಟ್ಸ್‌ಹೈಮಿನಲ್ಲಿದ್ದ ತವರುಮನೆಗೆ ಹೊರಟಳು. ಗಾಡಿಯನ್ನು ನಿರ್ಮಿಸಿದವನು ಆಕೆಯ ಪತಿ ಕಾರ್ಲ್ ಬೆಂಜ್. ಆದರೆ ಆ ಪ್ರಯಾಣದಲ್ಲಿ ಆತನು ಜೊತೆಗಿರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಬ್ರೇಕು ಸವೆದಾಗ ಮೋಚಿಯನ್ನು ಕಂಡು ಅದಕ್ಕೆ ಚರ್ಮ ಹೊದಿಸಿದಳು. ವೀಸ್‌ಲಾಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಇಂಧನವನ್ನು ಕೊಂಡಳು. ಎಂಜಿನ್ ಅತಿಯಾಗಿ ಕಾಯದಂತೆ ದಾರಿಯುದ್ದಕ್ಕೂ ನೀರು ಹಾಕಿಕೊಳ್ಳುತ್ತ ನಡೆದಳು. ಗ್ಯಾರೇಜು ಎಂಬುದೇ ಇಲ್ಲದಿದ್ದ ಕಾಲವದು. ಮೋಟಾರಿನ ಮೊದಲ ದೂರಪ್ರಯಾಣವು ಹೀಗೆ ಸಾಮಾನ್ಯ ಮನೆಯವರ ಕೈಗೆಲಸದಿಂದ ನೆರವೇರಿತು.

ಈಗ ಆ ಸ್ಥಿತಿ ಬಹಳ ಬದಲಾಗಿದೆ. ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಗಾಡಿಯ ಕಾಲದವರೆಗೂ ಒಡೆಯನಾದವನು ಬಾನೆಟ್ಟನ್ನು ಎತ್ತಿ ಪ್ಲಗ್ಗನ್ನು ಬಿಚ್ಚಿ ಒರೆಸುವುದು ವಾಡಿಕೆಯ ಮಾತಾಗಿತ್ತು. ಇಂದಿನ ಗಾಡಿಯಲ್ಲಿ ಇಂಧನವನ್ನೂ ಕಿಡಿಯನ್ನೂ ನಡೆಸುವುದು ಗಣಕಯಂತ್ರ. ಆದಕಾರಣ ವಿದ್ಯಾವಂತರಲ್ಲಿಯೂ ಅನೇಕರು ಬಾನೆಟ್ಟಿನ ಕೆಳಗಿರುವುದೆಲ್ಲ ತಮಗೆ ನಿಷಿದ್ಧವೆಂದು ಭಾವಿಸಿ, ಕೀಲಿ ತಿರುಗಿಸುವುದಷ್ಟೇ ತಮ್ಮ ಕೆಲಸವೆಂದು ಸುಮ್ಮನಿರುತ್ತಾರೆ. ಇದು ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ದಾರಿಯಲ್ಲಿ ಗಾಡಿ ನಿಲ್ಲುವುದಕ್ಕೆ ಗಣಕಯಂತ್ರವು ಕಾರಣವಾಗುವುದು ಅಪರೂಪ. ನೀರು, ವಿದ್ಯುತ್ತು, ಗಾಳಿ, ಧೂಳು ಇವೇ ಹಳೆಯ ಕಾರಣಗಳು; ಇವುಗಳಲ್ಲಿ ಹೆಚ್ಚಿನವು ಮುಂಚಿತವಾಗಿಯೇ ಸೂಚನೆ ಕೊಡತಕ್ಕವು. ಆ ಸೂಚನೆಯನ್ನು ಓದುವುದು, ತನ್ನ ಕೈಲಾಗುವುದನ್ನು ಮಾಡುವುದು, ಕೈಲಾಗದುದನ್ನು ಮುಟ್ಟದಿರುವುದು, ಈ ಮೂರೂ ಒಡೆಯನ ಧರ್ಮ.

ಮಾತು ಆಕಾಶದಲ್ಲಿ ತೇಲದಂತೆ ಒಂದು ಊರನ್ನು ಕಣ್ಣ ಮುಂದಿಟ್ಟುಕೊಳ್ಳೋಣ. ವಿಜಯಪುರ ಜಿಲ್ಲೆಯ ಪಡುವಣ ಭಾಗದಲ್ಲಿ, ತಿಕೋಟಾ ತಾಲ್ಲೂಕಿನಲ್ಲಿ, ಘೋಣಸಗಿ ಎಂಬ ಹಳ್ಳಿಯುಂಟು. ಎರೆ ಭೂಮಿ, ಜೋಳದ ಹೊಲ, ದ್ರಾಕ್ಷಿಯ ತೋಟಗಳ ಸೀಮೆ ಅದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಬಿಸಿಲು ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ನಗರವಾಸಿಗಳಾದ ನಾವು ಮದುವೆಗೋ ಜಾತ್ರೆಗೋ ನೆಂಟರ ಮನೆಗೋ ಅಂಥ ಊರಿಗೆ ಗಾಡಿಯಲ್ಲಿ ಹೋಗುತ್ತೇವೆ. ನಗರದಲ್ಲಿ ಗಾಡಿ ಕೆಟ್ಟರೆ ಸಮೀಪದಲ್ಲಿಯೇ ಮಿಸ್ತ್ರಿ ಸಿಗುತ್ತಾನೆ. ಎರಡು ಹಳ್ಳಿಗಳ ನಡುವೆ, ನಡುಮಧ್ಯಾಹ್ನ, ಹಿಂದಿನ ಆಸನದಲ್ಲಿ ವೃದ್ಧರೋ ಹಸುಳೆಯೋ ಇರುವಾಗ ಕೆಟ್ಟರೆ, ಒಡೆಯನ ತಿಳಿವಳಿಕೆಯೇ ಗತಿ.

ಮೊದಲು ನೀರಿನ ಮಾತು. ಸುಟ್ಟ ಇಂಧನದ ಶಕ್ತಿಯಲ್ಲಿ ಗಾಲಿಯನ್ನು ತಿರುಗಿಸಲು ಒದಗುವುದು ಸುಮಾರು ಕಾಲು ಭಾಗ ಮಾತ್ರ. ಮಿಕ್ಕದ್ದರಲ್ಲಿ ಬಹುಪಾಲು ಶಾಖವಾಗಿ ಹೊಗೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಹೊರಗೆ ಹೋಗಬೇಕು. ಈ ಶಾಖವನ್ನು ಹೊತ್ತು ತಿರುಗುವ ದ್ರವಕ್ಕೆ ಕೂಲೆಂಟ್ ಎಂದು ಹೆಸರು. ಎಂಜಿನ್ ಕ್ರಮವಾಗಿ ನಡೆಯುವಾಗ ಅದರ ಉಷ್ಣತೆ ೯೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುವುದರಿಂದ ದ್ರವವು ೧೦೦ ಡಿಗ್ರಿಯನ್ನು ದಾಟಿದರೂ ಕುದಿಯುವುದಿಲ್ಲ. ಅಪಾಯವೂ ಇದರಲ್ಲಿಯೇ ಅಡಗಿದೆ. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆದ ಕ್ಷಣದಲ್ಲಿ ಒತ್ತಡವು ಕಳಚಿ, ದ್ರವವು ಒಮ್ಮೆಲೇ ಉಗಿಯಾಗಿ ಮುಖಕ್ಕೂ ಕೈಗೂ ಎರಚುತ್ತದೆ. ಕಣ್ಣುಗಳಿಗೂ ಅದರಿಂದ ಹಾನಿಯಾಗಬಹುದು. ಗಾಡಿಯನ್ನು ನಿಲ್ಲಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ದಪ್ಪ ಬಟ್ಟೆಯನ್ನು ಹಿಡಿದು ನಿಧಾನವಾಗಿ ತೆರೆಯತಕ್ಕದ್ದು. ಎಷ್ಟೇ ಅವಸರವಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಉಷ್ಣತೆಯ ಮುಳ್ಳು ಮೇಲಕ್ಕೆ ಏರುತ್ತಿದ್ದು, ಕೆಂಪು ಗೆರೆಯನ್ನು ಇನ್ನೂ ಮುಟ್ಟದಿದ್ದರೆ, ಮೊದಲು ಏಸಿಯನ್ನು ನಿಲ್ಲಿಸಬೇಕು. ಅನಂತರ ಕಿಟಕಿಗಳನ್ನು ತೆರೆದು, ಹೀಟರನ್ನೂ ಅದರ ಫ್ಯಾನನ್ನೂ ಪೂರ್ತಿಯಾಗಿ ಹಾಕಬೇಕು. ಬೇಸಗೆಯಲ್ಲಿ ಹೀಟರೆಂದರೆ ಪರಿಹಾಸ್ಯವೆಂದು ತೋರಬಹುದು. ಆದರೆ ಹೀಟರು ಎಂಜಿನ್ನಿನ ಶಾಖವನ್ನೇ ಒಳಗೆ ಎಳೆಯುವ ಒಂದು ಸಣ್ಣ ರೇಡಿಯೇಟರು. ಕುಳಿತವರು ಬೆವರಿದಷ್ಟೂ ಎಂಜಿನ್ನಿನ ಹೊರೆ ಇಳಿಯುತ್ತದೆ. ಇಷ್ಟಾದರೂ ಮುಳ್ಳು ಇಳಿಯದಿದ್ದರೆ, ಅಥವಾ ಮುಳ್ಳಿಲ್ಲದ ಗಾಡಿಯಲ್ಲಿ ಉಷ್ಣತೆಯ ಕೆಂಪು ದೀಪ ಬೆಳಗಿದರೆ, ಗಾಡಿಯನ್ನು ಬದಿಗೆ ತಂದು ಎಂಜಿನ್ನನ್ನು ಆರಿಸಬೇಕು. ಬ್ಯಾಟರಿಯ ದೀಪವೂ ಅದರೊಡನೆಯೇ ಬೆಳಗಿದ್ದರೆ ಬೆಲ್ಟು ತುಂಡಾಗಿರುವ ಸಂಭವ ಹೆಚ್ಚು. ಹಲವು ಗಾಡಿಗಳಲ್ಲಿ ನೀರಿನ ಪಂಪನ್ನೂ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಇನ್ನು ಎರಡೇ ಕಿಲೋಮೀಟರೆಂದು ಓಡಿಸಿದರೆ ಎಂಜಿನ್ನಿನ ತಲೆಭಾಗವು ಡೊಂಕಾಗಬಹುದು. ರಬ್ಬರು ಕೊಳವೆಯ ಸಡಿಲವಾದ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಬಿಗಿಮಾಡುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸವು ಹೀಗೆ ಎಂಜಿನ್ನನ್ನೇ ಬಿಚ್ಚುವ ಮಟ್ಟಕ್ಕೆ ಬೆಳೆಯುತ್ತದೆ.

ಕೂಲೆಂಟು ಕಡಿಮೆಯಾಯಿತೆಂದು ಕೊಳವೆಬಾವಿಯ ನೀರನ್ನು ಸುರಿಯುವ ವಾಡಿಕೆ ನಮ್ಮಲ್ಲಿದೆ. ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣದಂಶವು ಕರಗಿರುತ್ತದೆ. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಅದೇ ಹೊಪ್ಪಳಿಕೆಯು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು ಶಾಖವು ಹೊರಹೋಗದಂತೆ ತಡೆಯುತ್ತದೆ. ಭಟ್ಟಿ ಇಳಿಸಿದ ನೀರನ್ನು, ಎಂದರೆ ಬ್ಯಾಟರಿ ನೀರೆಂದು ಅಂಗಡಿಯಲ್ಲಿ ಮಾರುವುದನ್ನು, ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟಿನೊಡನೆ ಬೆರೆಸಿ ಹಾಕುವುದು ಕ್ರಮ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಕುಡಿಯುವ ನೀರನ್ನು ಹಾಕಿ ಊರು ಸೇರಬಹುದು. ಅನಂತರ ಅದನ್ನು ತೆಗೆಸಿ ತೊಳೆಯಿಸಬೇಕು. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಆ ಡಬ್ಬಿಯು ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಸಿಗದಂತೆ ಇಡಬೇಕು.

ಎರಡನೆಯದು ಬ್ಯಾಟರಿ. ಚಳಿಯಿಂದ ಬ್ಯಾಟರಿ ಸಾಯುತ್ತದೆಂದು ಪಾಶ್ಚಾತ್ಯ ಪುಸ್ತಕಗಳಲ್ಲಿ ಓದುತ್ತೇವೆ. ನಮ್ಮ ಸೀಮೆಯಲ್ಲಿ ಅದರ ಶತ್ರು ಬಿಸಿಲು. ಶಾಖದಿಂದ ಒಳಗಿನ ನೀರು ಆರುತ್ತದೆ, ಸೀಸದ ಫಲಕಗಳು ಬೇಗನೆ ಸವೆಯುತ್ತವೆ. ಸಾಮಾನ್ಯ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿರುವಾಗ ಸುಮಾರು ೧೨.೬ ವೋಲ್ಟು ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ ೧೪ರ ಆಸುಪಾಸು. ಕೀಲಿ ತಿರುಗಿಸಿದಾಗ ಟಕಟಕನೆ ಸದ್ದಾಗಿ ದೀಪಗಳು ಮಂಕಾದರೆ, ಬ್ಯಾಟರಿ ಬರಿದಾಗಿದೆ, ಇಲ್ಲವೆ ತಂತಿಯ ಹಿಡಿತ ಸಡಿಲವಾಗಿದೆ ಎಂದು ಊಹಿಸಬಹುದು. ಹಿಡಿತದ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದ್ದರೆ ತಂತಿಗಳನ್ನು ಬಿಚ್ಚಿ, ಅಡಿಗೆ ಸೋಡಾ ಕರಗಿಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ ಉಜ್ಜಿ, ಒರೆಸಿ ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನನ್ನು ತೆಳುವಾಗಿ ಸವರಬೇಕು. ಬಿಚ್ಚುವಾಗ ಋಣ ತಂತಿ ಮೊದಲು, ಕಟ್ಟುವಾಗ ಋಣ ತಂತಿ ಕೊನೆಗೆ. ಗಾಡಿಯ ಲೋಹದ ಮೈಯೆಲ್ಲವೂ ಋಣಕ್ಕೆ ಸೇರಿರುವುದರಿಂದ, ಧನದ ಕಡೆ ಬಿಚ್ಚುವ ಸ್ಪ್ಯಾನರು ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಕಳಚಿದ್ದರೆ ಆ ಭಯವಿಲ್ಲ.

ಇನ್ನೊಂದು ಗಾಡಿಯಿಂದ ವಿದ್ಯುತ್ತನ್ನು ಎರವಲು ಪಡೆಯುವಾಗ ಕೆಂಪು ತಂತಿಯನ್ನು ಎರಡು ಬ್ಯಾಟರಿಗಳ ಧನಕ್ಕೂ, ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೂ ಸೇರಿಸಿ, ಅದರ ಉಳಿದ ತುದಿಯನ್ನು ಕೆಟ್ಟ ಗಾಡಿಯ ಎಂಜಿನ್ನಿನಲ್ಲಿ ಬ್ಯಾಟರಿಗೆ ದೂರವಾದ ಬರಿಯ ಲೋಹಕ್ಕೆ ಹಿಡಿಸಬೇಕು. ಬ್ಯಾಟರಿಯಿಂದ ಹೈಡ್ರೊಜನ್ ಅನಿಲ ಹೊರಡುವುದರಿಂದ ಅದರ ಬಳಿ ಕಿಡಿಯಾಗಬಾರದು.

ಮೂರನೆಯದು ಟೈರು. ಎಷ್ಟು ಗಾಳಿಯಿರಬೇಕೆಂಬುದನ್ನು ಅನೇಕ ಗಾಡಿಗಳಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿಯೇ ಅಂಟಿಸಿರುತ್ತಾರೆ. ಬೆಳಗಿನ ಹೊತ್ತು, ಟೈರು ತಣ್ಣಗಿರುವಾಗ ಅಳೆಯಬೇಕು. ಬೇಸಗೆಯಲ್ಲಿ ಟೈರು ಒಡೆದೀತೆಂದು ಗಾಳಿಯನ್ನು ಕಡಿಮೆ ಮಾಡುವವರುಂಟು. ಫಲ ಇದಕ್ಕೆ ತದ್ವಿರುದ್ಧ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಮಡಿಚಿ, ಆ ಮಡಿಕೆಯಿಂದಲೇ ಶಾಖವು ಹುಟ್ಟಿ, ವೇಗದಲ್ಲಿ ಟೈರು ಸಿಡಿಯುತ್ತದೆ. ಬದಲಿ ಗಾಲಿಗೆ ನಾವು ಸ್ಟೆಪ್ನಿ ಎನ್ನುವುದು ವೇಲ್ಸ್ ದೇಶದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬದಲಿ ಗಾಲಿಯನ್ನು ಅಲ್ಲಿ ತಯಾರಿಸಿ ಮಾರಿದರು. ಹೆಸರು ಎಲ್ಲರ ಬಾಯಲ್ಲಿದ್ದರೂ ಅದರ ಗಾಳಿಯನ್ನು ನೋಡುವವರು ಕಡಿಮೆ. ಜಾಲಿಮುಳ್ಳು ಚುಚ್ಚಿದ ದಿನ ಸ್ಟೆಪ್ನಿಯೂ ಚಪ್ಪಟೆಯಾಗಿರುವುದನ್ನು ಕಂಡು ಪರಿತಪಿಸುವುದು ಇದರ ಫಲ.

ಗಾಲಿಯನ್ನು ಬದಲಿಸುವಾಗ ಹ್ಯಾಂಡ್‌ಬ್ರೇಕನ್ನು ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಗಾಲಿಗೆ ಕಲ್ಲನ್ನು ಒಡ್ಡಬೇಕು. ಗಾಡಿಯನ್ನು ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಗಾಡಿ ಜ್ಯಾಕಿನಿಂದ ಜಾರೀತು. ಎರೆ ಮಣ್ಣು ಹಸಿಯಾಗಿದ್ದರೆ ಜ್ಯಾಕು ಹೂತುಹೋಗುತ್ತದೆ. ಆದ್ದರಿಂದ ಗಟ್ಟಿಯಾದ ಒಂದು ಮರದ ಹಲಗೆಯು ಗಾಡಿಯಲ್ಲಿ ಸದಾ ಇರತಕ್ಕದ್ದು. ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ದೇಹದ ಯಾವ ಅಂಗವನ್ನೂ ಚಾಚಬಾರದು. ಒಳಗೆ ಕುಳಿತವರನ್ನು ಇಳಿಸಿ ರಸ್ತೆಯಿಂದ ದೂರದಲ್ಲಿ ನಿಲ್ಲಿಸುವುದನ್ನೂ ಮರೆಯಬಾರದು.

ನಾಲ್ಕನೆಯದು ಧೂಳು. ಎಂಜಿನ್ ಸೇದುವ ಗಾಳಿಯನ್ನು ಸೋಸುವ ಏರ್ ಫಿಲ್ಟರು ಒಂದು ಪೆಟ್ಟಿಗೆಯಲ್ಲಿರುತ್ತದೆ. ಹಲವು ಗಾಡಿಗಳಲ್ಲಿ ಎರಡು ಮೂರು ಕೊಕ್ಕೆಗಳನ್ನು ಬಿಡಿಸಿದರೆ ಸಾಕು, ಅದು ಕೈಗೆ ಬರುತ್ತದೆ. ಹೊಲದ ದಾರಿಯಲ್ಲಿ ಓಡಾಡುವ ಗಾಡಿಯಲ್ಲಿ ಅದು ಪುಸ್ತಕದಲ್ಲಿ ಹೇಳಿದ ಅವಧಿಗೆ ಮೊದಲೇ ಕಟ್ಟಿಕೊಳ್ಳುತ್ತದೆ. ಮೆಲ್ಲನೆ ತಟ್ಟಿ ಧೂಳನ್ನು ಉದುರಿಸಬಹುದು. ಕಾಗದ ಹರಿದಿದ್ದರೆ ಹೊಸದನ್ನೇ ಹಾಕಬೇಕು, ಏಕೆಂದರೆ ಒಳಹೊಕ್ಕ ಮರಳಿನ ಕಣವು ಸಿಲಿಂಡರನ್ನು ಅರದಂತೆ ಉಜ್ಜುತ್ತದೆ. ಎಂಜಿನ್ ಆಯಿಲನ್ನು ಸಮನೆಲದಲ್ಲಿ, ಎಂಜಿನ್ನನ್ನು ಆರಿಸಿ ಕೆಲವು ನಿಮಿಷ ಕಳೆದ ಮೇಲೆ, ಅಳತೆಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಆಯಿಲು ಹಾಲು ಬೆರೆಸಿದ ಚಹದಂತೆ ಕಂಡರೆ ಅದಕ್ಕೆ ಕೂಲೆಂಟು ಸೇರಿರಬಹುದು. ಆಗ ಎಂಜಿನ್ನನ್ನು ನಡೆಸದೆ ಗಾಡಿಯನ್ನು ಎಳೆಯಿಸಿಕೊಂಡು ಹೋಗುವುದೇ ಮಾರ್ಗ. ಮೇವಿನ ಬಣವೆಯ ಪಕ್ಕದಲ್ಲಿ ರಾತ್ರಿ ನಿಂತ ಗಾಡಿಯ ಬಾನೆಟ್ಟನ್ನು ಬೆಳಿಗ್ಗೆ ತಪ್ಪದೆ ಎತ್ತಿ ನೋಡಬೇಕು. ಎಂಜಿನ್ನಿನ ಬೆಚ್ಚನೆಯ ಜಾಗಕ್ಕೆ ಇಲಿಗಳು ಬಂದು ತಂತಿಯನ್ನು ಕಡಿಯುವುದುಂಟು.

ಇನ್ನು ಒಡೆಯನ ಕೈ ಎಲ್ಲಿ ನಿಲ್ಲಬೇಕೆಂಬ ಮಾತು. ಸುಟ್ಟ ಫ್ಯೂಸಿಗೆ ಅದೇ ಆಂಪಿಯರಿನ ಫ್ಯೂಸನ್ನು ಹಾಕುವುದು ನಮ್ಮ ಕೆಲಸ. ಅದು ಮತ್ತೆ ಸುಟ್ಟರೆ ದೊಡ್ಡ ಫ್ಯೂಸನ್ನೋ ತಂತಿಯ ತುಂಡನ್ನೋ ತುರುಕುವುದು ಬೆಂಕಿಯನ್ನು ಕರೆದಂತೆ. ಸುಡುವುದೇ ಫ್ಯೂಸಿನ ಕರ್ತವ್ಯ, ದೋಷವಿರುವುದು ಬೇರೆ ಕಡೆ. ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು, ಏಸಿಯ ಅನಿಲ, ಅಧಿಕ ಒತ್ತಡದ ಇಂಧನ ಕೊಳವೆ ಇವುಗಳನ್ನು ತಿಳಿದವರಿಗೇ ಬಿಡಬೇಕು. ವಿದ್ಯುತ್ ಗಾಡಿಗಳಲ್ಲಿಯೂ ಹೈಬ್ರಿಡ್ ಗಾಡಿಗಳಲ್ಲಿಯೂ ಕಾಣುವ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಹರಿಯುತ್ತದೆ. ಬ್ರೇಕಿನ ಪೆಡಲು ಮೆತ್ತಗಾದರೆ ಅದನ್ನು ಗುರುತಿಸುವುದು ನಮ್ಮದು, ರಿಪೇರಿ ಮಿಸ್ತ್ರಿಯದು. ಗುರುತಿಸಿದ್ದನ್ನು ಸ್ಪಷ್ಟವಾಗಿ ಹೇಳಬಲ್ಲವನಿಗೆ ಗ್ಯಾರೇಜಿನಲ್ಲಿಯೂ ಅನುಕೂಲವುಂಟು. "ಏನೋ ಸದ್ದು ಬರುತ್ತದೆ" ಎಂಬುದಕ್ಕಿಂತ "ಎಡಕ್ಕೆ ತಿರುಗಿಸಿದಾಗ ಮುಂದಿನ ಗಾಲಿಯಲ್ಲಿ ಕಟಕಟ ಎನ್ನುತ್ತದೆ" ಎಂದರೆ ಕೆಲಸವೂ ಬೇಗ, ಅನಗತ್ಯ ವೆಚ್ಚವೂ ಕಡಿಮೆ.

ಇದಕ್ಕೆಲ್ಲ ದೊಡ್ಡ ವಿದ್ಯೆಯಾಗಲಿ ಬೆಲೆಬಾಳುವ ಉಪಕರಣಗಳಾಗಲಿ ಬೇಕಿಲ್ಲ. ಭಾನುವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಹತ್ತು ನಿಮಿಷಗಳು ಸಾಕು: ಕೂಲೆಂಟಿನ ಡಬ್ಬಿಯಲ್ಲಿ ದ್ರವವು ಎರಡು ಗೆರೆಗಳ ನಡುವೆ ಇದೆಯೇ, ಆಯಿಲು ಸರಿಯಿದೆಯೇ, ಸ್ಟೆಪ್ನಿಯೂ ಸೇರಿ ಐದು ಟೈರುಗಳಲ್ಲಿ ಗಾಳಿಯಿದೆಯೇ, ನೆಲದ ಮೇಲೆ ಏನಾದರೂ ತೊಟ್ಟಿಕ್ಕಿದೆಯೇ ಎಂದು ನೋಡುವುದು. ನೋಡಿದ್ದನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುವ ಕೂಲೆಂಟು ಬೇಸಗೆಗೆ ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಮನೆಯ ಹುಡುಗರನ್ನೂ ಹುಡುಗಿಯರನ್ನೂ ಆ ಹತ್ತು ನಿಮಿಷ ಜೊತೆಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಮುಂದೊಂದು ದಿನ ಗಾಡಿಯನ್ನು ನಡೆಸತಕ್ಕವರು ಅವರೇ. ಬಿಸಿಯಾದ ಮುಚ್ಚಳವನ್ನು ಮುಟ್ಟಬಾರದೆಂಬುದನ್ನು ಅವರು ರಸ್ತೆಯಲ್ಲಿ ಕಲಿಯುವುದಕ್ಕಿಂತ ಮನೆಯಂಗಳದಲ್ಲಿ ಕಲಿಯುವುದು ಮೇಲು.